ಹಿಡಿ ಖಾರದ ದಾವೆ

ನನ್ನ ಬಲಗಣ್ಣಿಗೆ ಖಾರ ಎರಚಿದವಳ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ. ಆದರೂ ಹುಕ್ಕೇರಿ ಕೋರ್ಟಿನಲ್ಲಿ ನಾನು ದಾವೆ ಹೂಡಿದ್ದು ಅವಳ ಮೇಲೆಯೇ. ಊರವರು ಮುಖಕ್ಕೇ ಉಗಿದರು. ಉಗಿಯಲಿ ಬಿಡು, ಒರೆಸಿಕೊಂಡರಾಯಿತು ಎಂದುಕೊಂಡೆ. ನನಗೆ ಬೇಕಾಗಿದ್ದವನು ಬೇರೆಯವನು. ಅವನನ್ನು ಹಿಡಿಯಲು ನನಗೆ ಕಂಡದ್ದು ಅದೊಂದೇ ದಾರಿ.

ಅವಳ ಖಾರದ ಗಿರಣಿ ಇದ್ದದ್ದು ಹತ್ತರಗಿಯಲ್ಲಿ, ಹೆದ್ದಾರಿಗೆ ಅಂಟಿಕೊಂಡೇ. ಗಂಡ ಸತ್ತ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಬೇಸಿಗೆ ಬಂತೆಂದರೆ ಸುತ್ತಲಿನ ಹೆಂಗಸರೆಲ್ಲ ವರ್ಷದ ಖಾರ ಕುಟ್ಟಿಸಲು ಅಲ್ಲಿಗೇ ಬರುತ್ತಿದ್ದೆವು. ಪಾಳಿ ಎಷ್ಟು ಹೊತ್ತಾದರೂ ತಮ್ಮ ಚೀಲ ಬಿಟ್ಟು ಯಾರೂ ಕದಲುತ್ತಿರಲಿಲ್ಲ. ಕದಲಿದರೆ ತಮ್ಮ ಸಂಕೇಶ್ವರಿ ಕಾಯಿ ಯಾರದೋ ಮನೆ ಸೇರಿ, ಯಾರದೋ ಸಪ್ಪೆ ಖಾರ ತಮ್ಮ ಗಂಟು ಬೀಳುತ್ತದೆಂಬ ಗುಮಾನಿ ಎಲ್ಲರಿಗೂ. ಪಾಳಿ ಬಂದಾಗ ಅವಳು ಎಣ್ಣೆಯ ಗಿಂಡಿ ಹಿಡಿದು, "ಕೈ ಚಾಚ್ರಿ ಅಕ್ಕಾರ" ಎನ್ನುತ್ತಿದ್ದಳು. ಖಾರ ಮುಟ್ಟಿದ ಕೈ ಉರಿಯಬಾರದೆಂದು ಅಂಗೈಗೆ ಒಂದಿಷ್ಟು ಎಣ್ಣೆ. ಬೇರೆ ಯಾವ ಗಿರಣಿಯವರು ಇಷ್ಟು ಮಾಡುತ್ತಾರೆ?

ಆ ಗಿರಣಿಯ ಜಾಗದ ಮೇಲೆ ಕಣ್ಣಿಟ್ಟವನು ನಮ್ಮ ಊರಿನ ಪುಢಾರಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೆ ಮುಂದೆ ನಾಲ್ಕು ಮಂದಿ. ಅಲ್ಲೊಂದು ಧಾಬಾ ಕಟ್ಟುವ ಆಸೆ ಅವನಿಗೆ. ಅವಳು ಮಾರುವುದಿಲ್ಲ ಎಂದಿದ್ದಳು. ಇವನಿಗೊಂದು ವಿಚಿತ್ರ ಜಂಬವಿತ್ತು: ಖಾರ ತಿನ್ನುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು. ಮದುವೆ ಊಟಕ್ಕೆ ಕೂತರೆ ಹಸಿ ಮೆಣಸಿನಕಾಯಿ ಕಟಕಟ ಕಡಿದು, "ಇದೂ ಒಂದ ಖಾರ ಏನಲೇ?" ಎಂದು ಪಂಕ್ತಿಯವರನ್ನೆಲ್ಲ ಹಂಗಿಸುತ್ತಿದ್ದ. ಥೂ, ಅವನ ಆ ನಗು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಆ ದಿನ ಮಧ್ಯಾಹ್ನ ಯಂತ್ರ ಹೋಟೆಲಿನವರ ಲವಂಗಿ ಮೆಣಸಿನಕಾಯಿ ಕುಟ್ಟುತ್ತಿತ್ತು, ಎಲ್ಲಕ್ಕಿಂತ ಖಾರದ ಕಾಯಿ ಅದು. ಮುಂದಿನ ಪಾಳಿ ನನ್ನದು. ಬಾಗಿಲಿಗೆ ಬೆನ್ನು ಮಾಡಿ, ಬಗ್ಗಿ ಚೀಲದ ಬಾಯಿ ಬಿಚ್ಚುತ್ತಿದ್ದೆ. ಹಿಂದಿನಿಂದ ಅವನ ದನಿ ಕೇಳಿಸಿತು.

"ಇವತ್ತ ಜಾಗಾ ಬಿಡ್ತಿಯೋ, ಈ ಹಾರಿಲೆ ತಲಿ ಒಡೀಲ್ಯೋ?"

ಅವಳು ಚೀರಿದಳು. ಅವನು ಅವಳ ಜಡೆ ಹಿಡಿದು ಕಬ್ಬಿಣದ ಹಾರೆ ಎತ್ತಿದ್ದನಂತೆ. ಅವಳ ಕೈಗೆ ಸಿಕ್ಕಿದ್ದು ಆಗತಾನೇ ಕುಟ್ಟಿದ ಖಾರ. ಹಿಡಿ ತುಂಬಿ ಎರಚಿದಳು. ನಾನು ತಿರುಗುವುದಕ್ಕೂ ಅದು ಹಾರಿ ಬರುವುದಕ್ಕೂ ಸರಿಹೋಯಿತು. ಅರ್ಧ ಅವನ ಮುಖಕ್ಕೆ, ಅರ್ಧ ನನ್ನ ಕಣ್ಣಿಗೆ. ಗಿರಣಿ ತುಂಬ ಕೆಮ್ಮು, ಸೀನು, ಕೂಗಾಟ. ಅವನು ಮುಖ ಮುಚ್ಚಿಕೊಂಡು ಹೊರಗೆ ಓಡಿದನಂತೆ. ಅಯ್ಯಯ್ಯೋ, ಆ ಉರಿ! ತಾಳಲಾರದೆ ಗಸಗಸ ಉಜ್ಜಿಕೊಂಡೆ. ಗೋಕಾಕದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಔಷಧ ಹಾಕಿಸಿಕೊಂಡರೂ ಕಣ್ಣಗುಡ್ಡೆಯ ಮೇಲಿನ ಹುಣ್ಣು ಮಾಯ್ದು ಬಿಳಿ ಕಲೆಯಾಗಿ ಕೂತಿತು. ರವಿಕೆ ಹೊಲಿದು ಬದುಕುವವಳು ನಾನು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುವಂತಾಯಿತು.

ಅವಳು ಪೊಲೀಸರಿಗೆ ದೂರು ಕೊಟ್ಟಳು. ಅವನು ಗಿರಣಿಗೆ ಕಾಲೇ ಇಟ್ಟಿಲ್ಲ, ರಸ್ತೆಯಾಚೆ ಚಹದಂಗಡಿಯಲ್ಲಿ ಕೂತಿದ್ದ ಎಂದು ಅವನ ಮಂದಿ ಸಾಲಾಗಿ ನಿಂತು ಹೇಳಿದರು. ಗಿರಣಿಯಲ್ಲಿದ್ದ ಹೆಂಗಸರು, "ನಮ್ಮ ಕಣ್ಣ ಮುಚ್ಚಿದ್ದೂರಿ, ಏನೂ ಕಾಣಲಿಲ್ರಿ" ಎಂದರು. ಅಂಜಿದ್ದರು, ಪಾಪ. ನಾನು ಕೇಳಿದ್ದು ದನಿ ಮಾತ್ರ. ದೂರು ಅಲ್ಲಿಗೇ ಮುಗಿಯಿತು.

ಕೆಲವು ತಿಂಗಳ ಮೇಲೆ ಆ ಪುಣ್ಯಾತ್ಮ ಹಣ್ಣು ಹಿಡಿದುಕೊಂಡು ನನ್ನ ಮನೆಗೇ ಬಂದ.

"ಅಕ್ಕಾರ, ನಿಮ್ಮ ಕಣ್ಣ ಹೋತು. ಸುಮ್ನ ಕುಂದ್ರಬ್ಯಾಡ್ರಿ. ಆಕಿ ಮ್ಯಾಲ ಕೇಸ್ ಹಾಕ್ರಿ, ಪರಿಹಾರ ಕೇಳ್ರಿ. ವಕೀಲರನ್ನ ನಾ ನೋಡ್ಕೋತೇನಿ. ಪಾಳಿ ಸಲುವಾಗಿ ಜಗಳಾ ತಗದು ಖಾರ ಒಗದ್ಲು ಅಂತ ನಾನ ಸಾಕ್ಷಿ ಹೇಳ್ತೇನಿ. ಚಹದಂಗಡ್ಯಾಗಿಂದ ಎಲ್ಲಾ ನೋಡೇನಿ."

ಅವನ ಲೆಕ್ಕ ನನಗೆ ಅರ್ಥವಾಗದೇ ಇರುತ್ತದೆಯೇ? ಕೇಸಿನ ಭಾರಕ್ಕೆ ಅವಳು ಗಿರಣಿ ಬಿಡಬೇಕು, ಜಾಗ ಇವನ ಬಾಯಿಗೆ ಬೀಳಬೇಕು. ಅದಕ್ಕೆ ನನ್ನ ಕುರುಡುಗಣ್ಣು ಬೇಕು. ಕಪಾಳಕ್ಕೆ ಬಿಗಿಯಬೇಕೆನಿಸಿತು. ಆದರೆ ಸಾಕ್ಷಿಕಟ್ಟೆ ಹತ್ತಲು ತಾನಾಗಿಯೇ ಒಪ್ಪಿದ್ದಾನಲ್ಲ! ಚಹ ಕಾಯಿಸಿ ಕೊಟ್ಟೆ, "ಹಂಗ ಆಗ್ಲಿ" ಎಂದೆ.

ಅವನು ಗೊತ್ತು ಮಾಡಿದ ವಕೀಲರನ್ನು ಬೇಡವೆಂದು, ತವರೂರು ಮೂಡಲಗಿಯ ಪರಿಚಯದ ವಕೀಲರನ್ನು ಹಿಡಿದೆ. ಅವರು ಬಿಡಿಸಿ ಹೇಳಿದರು: "ನೋಡವ್ವಾ, ಆಕಿ ಜೀವಾ ಉಳಿಸ್ಕೊಳ್ಳಾಕ ಒಗದಿದ್ರ ಅಂವಗ ಆದ ನೋವಿಗೆ ಆಕಿ ಜವಾಬ್ದಾರಲ್ಲ. ಆದ್ರ ನೀ ಏನೂ ಮಾಡದಾಕಿ, ನಿನಗ ಬಡೀತು. ಬ್ಯಾರೆ ದಾರಿ ಆಕಿಗೆ ಇರಲಿಲ್ಲ ಅಂತ ಕಂಡ್ರ ಕೋರ್ಟ್ ಆಕಿನ್ನ ಬಿಡ್ತೈತಿ. ಆವಾಗ ಹಾರಿ ತಂದಾಂವನ ಕೊಡಬೇಕು. ಖರೆ, ಅಂವಾ ಅಲ್ಲಿದ್ದ ಅಂತ ರುಜುವಾತ ಆಗಬೇಕಲ್ಲ?"

ಅದೇ ನನಗೆ ಬೇಕಾಗಿದ್ದದ್ದು.

ಅವಳಿಗೆ ಒಂದು ಮಾತೂ ಹೇಳಲಿಲ್ಲ. ಅವಳ ಮುಖದಲ್ಲಿ ಏನೂ ಅಡಗುವುದಿಲ್ಲ. ನಕ್ಕರೆ ಸಾಕು, ಅವನಿಗೆ ಗೊತ್ತಾಗಿಬಿಡುತ್ತಿತ್ತು. ಕೋರ್ಟಿನ ಜಗಲಿಯಲ್ಲಿ ಅವಳು ನನ್ನನ್ನು ಕಂಡು ಸೆರಗಿನ ಅಂಚು ಕಚ್ಚಿಕೊಂಡು ತಿರುಗಿ ನಿಲ್ಲುತ್ತಿದ್ದಳು. ತಾಳು ತಂಗಿ, ನಿನ್ನ ಪಾಲಿನದನ್ನೂ ಸೇರಿಸಿ ಬಡ್ಡಿಸಮೇತ ತೀರಿಸುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ತಾರೀಖಿನ ಮೇಲೆ ತಾರೀಖು ಬಿದ್ದು ವರ್ಷಗಳು ಉರುಳಿದವು.

ಅವನ ಸಾಕ್ಷಿಯ ದಿನ ಬೆಳಿಗ್ಗೆ ಕೋರ್ಟಿನ ಎದುರಿನ ಕ್ಯಾಂಟೀನಿನಲ್ಲಿ ಅವಳ ವಕೀಲರ ಪಕ್ಕ ಹೋಗಿ ಕೂತೆ. ಒಂದೇ ಮಾತು ಹೇಳಿ ಎದ್ದು ಬಂದೆ: "ಅಂವನ ಮುಂದ ಆ ಖಾರ ಸಪ್ಪಗಿತ್ತು ಅಂದು ನೋಡ್ರಿ." ಅವರು ಕಪ್ಪು ಕೆಳಗಿಡದೆ ನನ್ನನ್ನೇ ನೋಡಿದರು.

ಅವನು ಕಟ್ಟೆ ಹತ್ತಿ ಗಿಣಿಯಂತೆ ಒಪ್ಪಿಸಿದ. ಚಹದಂಗಡಿ, ಪಾಳಿ, ಜಗಳ. ಆಮೇಲೆ ಅವಳ ವಕೀಲರು ಎದ್ದರು.

"ಅವತ್ತು ಕುಟ್ಟುತ್ತಿದ್ದದ್ದು ಬ್ಯಾಡಗಿ ಕಾಯಿ. ಬರೇ ಬಣ್ಣ, ಖಾರವೇ ಇಲ್ಲ. ಕೂಸಿನ ಬಾಯಿಗೆ ಹಾಕಿದರೂ ಅಳುವುದಿಲ್ಲ, ಹೌದಲ್ಲ?"

ಅವನ ಹುಬ್ಬು ಗಂಟಾಯಿತು. "ಬ್ಯಾಡಗಿ ಅಲ್ರಿ."

"ಅಂಥ ಸಪ್ಪನ್ನ ಖಾರಕ್ಕೆ ಗಂಡಸೊಬ್ಬ ಕಣ್ಣು ಮುಚ್ಚಿಕೊಂಡು ಓಡಿದ ಅಂತ ಊರಲ್ಲಿ ನಗುತ್ತಾರಂತಲ್ಲ?"

"ಯಾರ್ರೀ ನಗಾವ್ರು?" ಅವನು ಕಟ್ಟೆಯ ಕಟಾಂಜನ ಗುದ್ದಿದ. "ಯಾವ ಬ್ಯಾಡಗಿರಿ? ಅಪ್ಪಟ ಲವಂಗಿ ಖಾರ ಅದು! ನನ್ನ ಬಾಯಾಗ ಬಿದ್ದೈತಿ, ನನಗ ಗೊತ್ತಿಲ್ಲೇನು? ನಾಲಿಗಿ ಸುಟ್ಟ ಹೋಗಿತ್ತು!"

ನ್ಯಾಯಾಧೀಶರು ತಲೆ ಎತ್ತಿದರು. "ರಸ್ತೆಯ ಆಚೆ ಇದ್ದವರ ಬಾಯಿಗೆ ಹೇಗೆ ಬಿತ್ತು?"

ಅವನ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಒಂದೇ ಕಣ್ಣಿನಲ್ಲಿ, ಕಣ್ಣು ತುಂಬ ನೋಡಿದೆ. ಅಂಥ ಸುಖ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಬಹಳ ಮಂದಿ ಕ್ಷಮೆ ದೊಡ್ಡದು ಎನ್ನುತ್ತಾರೆ. ಇರಬಹುದು. ನನಗೆ ಅದರ ರುಚಿ ಗೊತ್ತಿಲ್ಲ.

ಆಮೇಲೆ ನಮ್ಮ ವಕೀಲರು ಅವನನ್ನೂ ದಾವೆಯಲ್ಲಿ ಪ್ರತಿವಾದಿಯಾಗಿ ಸೇರಿಸಿದರು. ತೀರ್ಪಿನ ತನಕ ಅವಳ ಹೆಸರೂ ಅದರಲ್ಲಿ ಹಾಗೇ ಉಳಿಯಿತು, ನಾನೂ ಅವಳ ಮುಂದೆ ಬಾಯಿ ಬಿಡಲಿಲ್ಲ. ಅಂಜಿ ಸುಮ್ಮನಿದ್ದ ಹೆಂಗಸರ ಕಣ್ಣುಗಳೆಲ್ಲ ಒಮ್ಮೆಲೇ ತೆರೆದವು. ಹಾರೆ ಕಂಡದ್ದನ್ನು ಬಂದು ಹೇಳಿದರು. ತೀರ್ಪು ಬಂತು: ಅವಳು ಜೀವ ಉಳಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಎರಚಿದ್ದಾಳೆ, ಅವಳ ಮೇಲೆ ಹೊಣೆಯಿಲ್ಲ; ನನ್ನ ಕಣ್ಣಿನ ಪರಿಹಾರ ಹಾರೆ ಎತ್ತಿದವನೇ ಕೊಡಬೇಕು. ಅವನು ಬಿಳಿ ಅಂಗಿಯಲ್ಲಿ ಬೆವರುತ್ತ, ನನ್ನತ್ತ ನೋಡದೆ ಮೆಟ್ಟಿಲಿಳಿದು ಹೋದ.

ತೀರ್ಪಿನ ದಿನ ಅವಳು ಬಂದಿರಲಿಲ್ಲ. ಮರುದಿನ ಮೆಣಸಿನಕಾಯಿಯ ಚೀಲ ಹೊತ್ತುಕೊಂಡೇ ಹತ್ತರಗಿಯ ಗಿರಣಿಗೆ ಹೋದೆ. ಎಲ್ಲ ಹೇಳಿ, ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗಬೇಕು, ಅವಳ ಕೈಯಿಂದ ಎಣ್ಣೆ ಹಾಕಿಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಬಾಗಿಲು ತೆರೆದಿತ್ತು. ಒಳಗೆ ಯಂತ್ರ ಇರಲಿಲ್ಲ. ನೆಲದಲ್ಲಿ ಅದರ ಬೋಲ್ಟುಗಳು ಮಾತ್ರ ಎದ್ದು ನಿಂತಿದ್ದವು. ಅವಳು ಗೋಡೆಗೆ ಒರಗಿ ಕೂತಿದ್ದಳು.

ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ.

"ಕೇಸ್ ಇದ್ದಾಕಿ ಗಿರಣಿ ಅಂತ ಮಂದಿ ಬರೂದ ಬಿಟ್ರು ಅಕ್ಕಾರ. ನೀವು ಗೆದ್ರ ಕೋರ್ಟ್‌ನವ್ರು ಮಷೀನ ಒಯ್ತಾರಂತ ಅಂಜಿ ಹ್ವಾದ ತಿಂಗಳ ಮಾರಿದ್ನಿ. ಮೊದ್ಲ ಒಂದ ಮಾತ ಹೇಳಾಕ ಆಗ್ತಿದ್ದಿಲ್ಲೇನ್ರಿ?"

"ಹೇಳಿದ್ರ ಅಂವಾ ಸಿಗ್ತಿದ್ದಿಲ್ಲವ್ವಾ."

"ಅಂವಾ ಸಿಕ್ಕ, ಛಲೋ ಆತು." ಅವಳು ಬೋಲ್ಟುಗಳನ್ನು ನೋಡುತ್ತ ಹೇಳಿದಳು. "ಅಂವಗ ಒಗದ ಖಾರ ನಿಮ್ಮ ಕಣ್ಣಿಗೆ ಬಿತ್ತು, ನೀವು ಕೇಸ್ ಹಾಕಿದ್ರಿ. ಅಂವಗ ಹಾಕಿದ ಕೇಸ್ ನನ್ನ ಮ್ಯಾಲ ಬಿತ್ತಲ್ರಿ, ನಾ ಯಾರ ಮ್ಯಾಲ ಹಾಕ್ಲಿ?"

ಚೀಲ ಎತ್ತಿಕೊಂಡು ಹೊರಗೆ ಬಂದೆ. ಖಾರವಂತೂ ಕುಟ್ಟಿಸಲೇಬೇಕಿತ್ತು, ಸಂಕೇಶ್ವರದ ಬಸ್ಸು ಹತ್ತಿದೆ. ಅಲ್ಲಿನ ಗಿರಣಿಯಲ್ಲಿ ಪಾಳಿಗೆ ನಿಂತಾಗ ಯಂತ್ರದ ಗುರುತು ಹತ್ತಿತು, ಅವಳದೇ. ನನ್ನ ಪಾಳಿ ಬಂದಾಗ ಅಭ್ಯಾಸಬಲದಿಂದ ಅಂಗೈ ಚಾಚಿದೆ. ಗಿರಣಿಯವನು ನನ್ನ ಖಾಲಿ ಕೈಯನ್ನೂ ಮುಖವನ್ನೂ ನೋಡಿ, "ಏನ್ ಬೇಕ್ರಿ?" ಎಂದು ಕೇಳಿದ.