ಕಾಲುವೆ ಬತ್ತಿದ ಬೆಳಿಗ್ಗೆ

ಕಂಪ್ಲಿ ಹತ್ತಿರದ ಊರಿಗೆ ನಾನು ಸೊಸೆಯಾಗಿ ಬಂದದ್ದು ಕಾಲುವೆಯ ಮೇಲಿನ ಊರಿನಿಂದ. ಹೊಳೆಯಿಂದ ಹೊರಟ ಕಾಲುವೆ ಮೊದಲು ನನ್ನ ತವರಿನ ಭತ್ತದ ಗದ್ದೆಗಳಿಗೆ ನೀರುಣಿಸಿ, ಆಮೇಲೆ ಗಂಡನ ಮನೆಯ ಕಬ್ಬಿಗೆ ಬರುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಮೇಲಿನವರು ಅಡ್ಡಕಟ್ಟೆ ಹಾಕಿ ನೀರು ತಿರುಗಿಸಿಕೊಂಡಿದ್ದರು. ಅದು ನಿಜ, ನನ್ನ ಅಣ್ಣನೂ ಅವರಲ್ಲಿದ್ದ. ಹಾಗಾಗಿ ಮರುವರ್ಷ ಒಂದು ಬೆಳಿಗ್ಗೆ ಕಾಲುವೆಯ ತಳದ ಕೆಸರು ಕಂಡಾಗ, ಏನಾಯಿತು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಾಗಿಹೋಗಿತ್ತು.

ಗಂಡಸರು ನಮ್ಮ ಮನೆಯ ಕಟ್ಟೆಯ ಮೇಲೆ ಸೇರಿದರು.

"ಅವರ ಗದ್ದಿ ತುಂಬಿ ತುಳುಕಾಕತ್ತಾವ. ಕಣ್ಣಾರೆ ನೋಡಿ ಬಂದೀನಿ," ಎಂದ ಒಬ್ಬ.

"ಸನಿಕಿ ಹಿಡಕಂಡು ಒಡ್ಡಿನ ಮ್ಯಾಲೆ ನಿಂತಾರ," ಎಂದ ಇನ್ನೊಬ್ಬ.

ಎರಡೂ ಸುಳ್ಳಲ್ಲ. ನಾನು ಬಾಗಿಲ ಮರೆಯಿಂದ, "ಮಾವಾರ, ಯಾರನ್ನಾರ ಕಳಿಸ್ರಿ, ಕಾಲುವಿ ಗುಂಟ ಹೋಗಿ ನೋಡಿಕ್ಯಂಡು ಬರ್ಲಿ," ಎಂದೆ.

ನನ್ನ ಗಂಡ ತಿರುಗಿ ನೋಡಿದರು. "ತವರಿನ ಪರ ಮಾತಾಡಬ್ಯಾಡ. ಒಳಗ ಹೋಗು."

ಅಲ್ಲಿಗೆ ಮುಗಿಯಿತು. ತಡೆಯಿರಿ ಎಂದವನು ಇನ್ನು ಹೇಡಿ. ಮಾವ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಮಡಚಿ ಮತ್ತೆ ಹಾಕಿಕೊಂಡರು. ಇದು ಮೇಲಿನವರ ಕೆಲಸ ಹೌದೋ ಅಲ್ಲವೋ ಎಂದು ತಮಗೂ ಅನುಮಾನವಿತ್ತೆಂದು ಅವರು ಬಹಳ ಕಾಲದ ಮೇಲೆ ನನಗೆ ಹೇಳಿದರು. ಇನ್ನೂ ಕೆಲವರು ಹಾಗೇ ಹೇಳಿದರು. ಒಬ್ಬೊಬ್ಬರೂ ತಾವೊಬ್ಬರೇ ಹಾಗೆ ಯೋಚಿಸುತ್ತಿದ್ದೇವೆಂದುಕೊಂಡು ಬಡಿಗೆ ಕೈಗೆತ್ತಿಕೊಂಡಿದ್ದರು.

ಕಾಲುವೆಯ ಒಡ್ಡಿನ ಮೇಲೆ ಹೋಗಿದ್ದರೆ ದಾರಿಯಲ್ಲೇ ಸಂಗತಿ ಕಾಣುತ್ತಿತ್ತು. ಸಿಟ್ಟಿನಲ್ಲಿ ಹೊಲಗಳ ಅಡ್ಡದಾರಿ ಹಿಡಿದರು. ಅತ್ತೆಯೂ ನಾನೂ ಹಿಂದೆ ಓಡಿದೆವು.

ಮೇಲಿನ ಊರಿನ ಗಡಿಯಲ್ಲಿ ನೀರಗಂಟಿ ಎದುರಿಗೆ ಬಂದ. ಎರಡೂ ಊರಿಗೆ ನೀರು ಹಂಚುತ್ತಿದ್ದ ಮುದುಕ. ಮಣ್ಣು ಎಳೆಯುವ ಸನಿಕೆ ಮೇಲೆತ್ತಿ, ಏನೋ ಕೂಗುತ್ತ ಓಡಿ ಬರುತ್ತಿದ್ದ.

"ಹೊಡ್ಯಾಕ ಬಂದ, ಹಾಕ್ರಿ ಅವನ್ನ," ಎಂದಿತು ಒಂದು ದನಿ.

ಮೊದಲ ಏಟು ಯಾರದೋ, ಎರಡನೆಯದು ನನ್ನ ಗಂಡನದು. ತೆಂಗಿನಕಾಯಿ ಒಡೆದಂಥ ಸದ್ದು ಬಂತು. ಮುದುಕ ಮಂಡಿಯೂರಿ, ಆಮೇಲೆ ಮುಖ ಕೆಳಗಾಗಿ ಬಿದ್ದ. ಅಷ್ಟರಲ್ಲಿ ಮೇಲಿನವರು ನುಗ್ಗಿದರು. ಅಣ್ಣನ ಹೆಗಲಿಗೆ ಬಡಿಗೆ ಬಿದ್ದು ತೋಳು ಜೋತುಬಿತ್ತು. ಇನ್ನೊಂದು ಕೈಯಲ್ಲಿ ಕುಡಗೋಲು ಬೀಸುತ್ತಲೇ ಇದ್ದ. ನನ್ನ ಗಂಡನ ಎರಡು ಬೆರಳು ಹಾರಿದವು. ಒಬ್ಬನ ಕಿವಿ ಹರಿದು ಕೆನ್ನೆಯ ಮೇಲೆ ನೇತಾಡುತ್ತಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ. ನಾನು ಅಣ್ಣನ ಸೊಂಟ ಹಿಡಿದು ಎಳೆದೆ. ಅವನ ಮೊಣಕೈ ಬಡಿದು ನನ್ನ ತುಟಿ ಸೀಳಿತು.

ಅತ್ತೆ ನೀರಗಂಟಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೀರೆ ತೊಯ್ದು ರಕ್ತ ನೆಲಕ್ಕೆ ಇಳಿಯುತ್ತಿತ್ತು. "ಕೆಳಗ ಬಂಡಿಗಲ್ಲು ಬಿದ್ದೈತಿ, ತಾಯಿ. ಜಾಲಿಗಿಡ ಸಮೇತ," ಎಂದ ಅವನು. "ಅದನ್ನ ಹೇಳಾಕ ಬರಾಕತ್ತಿದ್ದೆ." ಅಲ್ಲೇ ಪ್ರಾಣ ಬಿಟ್ಟ.

ಗುಡ್ಡದ ತಿರುವಿನಲ್ಲಿ ಬಂಡೆಯೊಂದು ಉರುಳಿ ಕಾಲುವೆಗೆ ಅಡ್ಡ ಬಿದ್ದಿತ್ತು. ನೀರು ಹಿಂದಕ್ಕೆ ಒತ್ತಿ ಮೇಲಿನ ಗದ್ದೆಗಳಿಗೆ ನುಗ್ಗಿತ್ತು. ಅವರು ಸನಿಕೆ ಹಿಡಿದು ನಿಂತದ್ದು ತಮ್ಮ ಸಸಿ ಉಳಿಸಿಕೊಳ್ಳಲು.

ಪೊಲೀಸರು ಬಂದು ಎರಡೂ ಕಡೆಯ ಗಂಡಸರಿಗೆ ಹಗ್ಗ ಕಟ್ಟಿ ಹೊಸಪೇಟೆಗೆ ಒಯ್ದರು. ಊರಲ್ಲಿ ಉಳಿದವರು ಬಂಡೆ ಸರಿಸಿದ ಮೇಲೆ ಮರುದಿನ ನೀರು ಬಂತು. ಅತ್ತೆಯೂ ನಾನೂ ಕಬ್ಬಿಗೆ ನೀರು ಕಟ್ಟಿದೆವು.

ನನ್ನ ಗಂಡ ಬಳ್ಳಾರಿ ಜೈಲಿನಿಂದ ಬಂದಾಗ, ಅವರು ಹೋದ ಮೇಲೆ ಹುಟ್ಟಿದ ಮಗಳು ಓಡಾಡುತ್ತಿದ್ದಳು. ಆ ಮುದುಕನ ಬಗ್ಗೆ ಒಂದೇ ಸಲ ಮಾತಾಡಿದರು: "ಅವ ಹೊಡ್ಯಾಕ ಬರದು ನಾ ನೋಡಲಿಲ್ಲ. ನೋಡದ್ಕಿಂತ ಮೊದ್ಲ ಹಂಗ ಅಂತ ತಿಳ್ಕಂಡಿದ್ದೆ."

ಅಂದಿನಿಂದ ಅವರ ರೀತಿ ಬದಲಾಯಿತು. ಪಂಚಾಯ್ತಿ ಕೂತರೆ, "ಇದು ಹಂಗಲ್ಲ ಅನ್ನೋರು ಮೊದ್ಲು ಮಾತಾಡ್ರಿ," ಎನ್ನುವರು. ಯಾರೂ ಇಲ್ಲದಿದ್ದರೆ ನನ್ನನ್ನೇ ಕರೆಯುವರು. "ಇವರ ಕೂಡ ಯಾವ ಕೆಲಸಾನೂ ಜಲ್ದಿ ಮುಗ್ಯಂಗಿಲ್ಲ," ಎಂದು ಊರವರು ಬೇಸರ ಪಡುತ್ತಿದ್ದರು.

ಮುಂದೊಂದು ಸುಗ್ಗಿಯಲ್ಲಿ ಆಲೆಮನೆಯ ಬೆಲ್ಲ ಕಳುವಾಯಿತೆಂದು ಸಂಡೂರು ಕಡೆಯ ಒಬ್ಬ ದಾರಿಹೋಕನನ್ನು ಗಾಣದ ಕಂಬಕ್ಕೆ ಕಟ್ಟಿ ಬಡಿಯುತ್ತಿದ್ದರು. ನನ್ನ ಗಂಡ ಹೋಗಿ ಬಡಿಗೆಗೆ ಅಡ್ಡ ನಿಂತರು. ಒಬ್ಬೊಬ್ಬರನ್ನೇ ಬೇರೆ ಕರೆದು, "ನೀ ಕಂಡದ್ದೇನು? ಕೇಳಿದ್ದೇನು?" ಎಂದು ವಿಚಾರಿಸಿದರು. ಕದ್ದದ್ದನ್ನು ಕಂಡವರು ಯಾರೂ ಇರಲಿಲ್ಲ. ಎಲ್ಲರೂ ಇನ್ನೊಬ್ಬರಿಂದ ಕೇಳಿದವರೇ.

ಹಗ್ಗ ಬಿಚ್ಚಿದರು. ಅಷ್ಟರಲ್ಲಿ ಅವನ ಮುಂದಿನ ಹಲ್ಲು ಮುರಿದಿದ್ದವು. ನಾನು ತಂಬಿಗೆ ಕೊಟ್ಟೆ. ಬಾಯಿ ಮುಕ್ಕಳಿಸಿ ಕೆಂಪು ನೀರು ಉಗುಳಿದ. ನಮ್ಮಲ್ಲಿ ಯಾರ ಮುಖವನ್ನೂ ನೋಡದೆ ಸಂಡೂರಿನ ದಾರಿ ಹಿಡಿದು ಹೋದ.