ಮೆಣಸಿನ ನಂಬರಿನಲ್ಲಿ ಅಳೆದ ಕಾಫಿ

ಗೋಣಿಕೊಪ್ಪಲಿನ ಒಂದು ಖಾಸಗಿ ಲ್ಯಾಬಿನಲ್ಲಿ ಕಾಫಿ, ಮೆಣಸಿನ ತೇವ ಅಳೆಯುವುದು ಶರ್ಮಿಳಾಳ ಕೆಲಸ. ಅಳೆಯುವ ಮೀಟರ್ ಬಲು ಜಂಬದ್ದು. ಅದಕ್ಕೆ ಕಂಪ್ಯೂಟರಿನಿಂದ ಕೇಬಲ್ಲಿನ ಮೂಲಕ ಅಪ್ಪಣೆ ಹೋಗಬೇಕು: ಮೊದಲು ಮೀಟರಿನ ನಂಬರು, ಬೆನ್ನಿಗೇ ಬೆಳೆಯ ನಂಬರು, ಆಮೇಲೆ ಅಳೆಯೆಂದು ಹೇಳುವ ಅಕ್ಷರ, ಕಡೆಗೆ ಎಂಟರ್. ನಡುವೆ ಒಂದು ಖಾಲಿ ಜಾಗ ಹೆಚ್ಚಾದರೂ ತುಟಿಪಿಟಕ್ಕೆನ್ನುವುದಿಲ್ಲ. ಬರೆದ ಕ್ರಮ ಸರಿಯಿದ್ದರೆ ಮಾತ್ರ, ಕೇಳಿದ್ದೇ ತಪ್ಪಾಗಿದ್ದರೂ ಠೀವಿಯಿಂದ ಉತ್ತರ ಕೊಡುತ್ತದೆ.

ಹೋದ ವರ್ಷ ಮಾರ್ಚಿನಲ್ಲಿ ಒಂದು ದಿನ ಬೆಳಗಿನಿಂದ ಬರೀ ಕರಿಮೆಣಸು. ಮಧ್ಯಾಹ್ನ ಸಾಂತಪ್ಪ ಕಾಫಿಯ ಸ್ಯಾಂಪಲ್ ತಂದರು. ಹತ್ತಿರದ ತೋಟದಲ್ಲಿ ಮೂವತ್ತು ವರ್ಷದಿಂದ ಕಾಫಿ ಒಣಗಿಸುವ ಕಣ ನೋಡಿಕೊಳ್ಳುತ್ತಿದ್ದವರು ಅವರು. ಶೇಕಡಾ ಹನ್ನೊಂದು ದಾಟಬಾರದ ತೇವವನ್ನು ಮೀಟರ್ ಹದಿನಾಲ್ಕು ಎಂದು ತೋರಿಸಿತು.

“ಇನ್ನೊಂದ್ ಸಲ ನೋಡಿ ಮೇಡಂ,” ಎಂದರು ಸಾಂತಪ್ಪ, ಮೆಲ್ಲಗೆ.

ಅವಳು ಮತ್ತೆರಡು ಸಲ ನೋಡಿದಳು. ಅದೇ ಅಪ್ಪಣೆ, ಅದೇ ಹದಿನಾಲ್ಕು. ಒಂದು ವಾರದೊಳಗೆ ತೋಟದ ಧಣಿ ಆ ರಿಪೋರ್ಟ್ ನೋಡಿ, ಕಾಫಿ ಸರಿಯಾಗಿ ಒಣಗಿಸಿಲ್ಲವೆಂದು ಆಳುಗಳೆದುರೇ ಅವರನ್ನು ಸೋಮಾರಿ ಎಂದು ಬೈದು ಕಣದ ಕೆಲಸ ಬಿಡಿಸಿದರು. ಮಳೆಗಾಲದ ಆಟಿ ತಿಂಗಳಲ್ಲಿ ಸಾಂತಪ್ಪ ಮಲಗಿದಲ್ಲೇ ತೀರಿಕೊಂಡರು.

ಈ ವರ್ಷ ಹಳೆಯ ದಾಖಲೆ ತೆಗೆದು ನೋಡುವಾಗ ಶರ್ಮಿಳಾ ಒಂದು ಕಡೆ ತಡೆದು ನಿಂತಳು. ಸಾಂತಪ್ಪನವರ ಹೆಸರಿನ ಕೆಳಗೆ ಮೂರು ಸಾಲು, ಮೂರರಲ್ಲೂ ಮೆಣಸಿನ ನಂಬರು. ಬೆಳಗಿನದನ್ನು ಬದಲಿಸಲು ಅವಳು ಮರೆತಿದ್ದಳು. ಅಂದಿನಿಂದ ಎಂಟರ್ ಒತ್ತಲು ಬೆರಳೆತ್ತಿದರೆ ಸಾಕು, ಬೆನ್ನ ಹಿಂದೆ ಯಾರೋ ಉಸಿರು ಹಿಡಿದು ನಿಂತ ಹಾಗೆ. ಇನ್ನೊಂದ್ ಸಲ ನೋಡಿ ಮೇಡಂ, ಎನ್ನುವ ಆ ಮೆಲ್ಲನೆಯ ದನಿ. ತಿರುಗಿದರೆ ಗೋಡೆ. ಒಂದೊಂದು ಸ್ಯಾಂಪಲನ್ನೂ ಅವಳು ನಾಲ್ಕು ನಾಲ್ಕು ಬಾರಿ ಅಳೆಯತೊಡಗಿದಳು. ಆದರೂ ಆ ದನಿ ಬಿಡಲಿಲ್ಲ. ಭಯಕ್ಕಿಂತ ನಾಚಿಕೆಯೇ ಅವಳನ್ನು ಹೆಚ್ಚು ತಿಂದಿತು.

ಕೊನೆಗೆ ತಪ್ಪು ತನ್ನದೆಂದು ತೋಟಕ್ಕೆ ಬರೆದುಕೊಟ್ಟಳು. ಭಾನುವಾರ ಸಾಂತಪ್ಪನವರ ಹೆಂಡತಿ ಬೊಳ್ಳಮ್ಮನ ಮನೆಗೂ ಹೋದಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಆ ಮನುಷ್ಯನ ಹೆಸರು ಚೊಕ್ಕವಾದರೆ ಸಾಕು ಎಂದುಕೊಂಡಿದ್ದಳು.

“ಬೊಳ್ಳಮ್ಮಕ್ಕ, ಅವರು ಒಣಗಿಸಿದ್ದು ಸರಿ ಇತ್ತು. ನಾನೇ ತಪ್ಪು ನಂಬರು ಹಾಕಿದ್ದೆ.”

ಬೊಳ್ಳಮ್ಮ ಬೈಯಲಿಲ್ಲ. ಜಗಲಿಯ ಕಂಬ ಹಿಡಿದು ಕುಳಿತರು. ಅಂದು ಗಂಡ ಮನೆಗೆ ಬಂದು ‘ನಾನು ಸರಿಯಾಗಿಯೇ ಒಣಗಿಸಿದ್ದೆ’ ಎಂದಿದ್ದನ್ನು ಹೇಳಿದರು.

“ಮಿಷನ್ ಸುಳ್ಳು ಹೇಳ್ತದಾ, ನೀವೇ ನಿದ್ದೆ ಮಾಡಿರ್ಬೇಕು ಅಂತ ನಾನ್ ಬೈದ್‌ಬಿಟ್ಟೆ ಮಗಳೇ. ಆಮೇಲೆ ಸಾಯೋವರೆಗೂ ಅವ್ರು ಆ ಮಾತೇ ಎತ್ಲಿಲ್ಲ.”

ಶರ್ಮಿಳಾ ಅವರ ಕೈ ಹಿಡಿಯಲು ಹೋದಳು. ಬೊಳ್ಳಮ್ಮ ಕೈ ಹಿಂದೆಳೆದುಕೊಂಡು ಬಾಗಿಲ ಕಡೆ ತಿರುಗಿ ನೋಡಿದರು, ಒಳಗಿನಿಂದ ಯಾರೋ ಕರೆದ ಹಾಗೆ.

“ನೀನು ಬಂದು ನನ್ನ ಹತ್ರ ಹೇಳ್ದೆ,” ಎಂದರು. “ನಾನ್ ಯಾರ ಹತ್ರ ಹೋಗಿ ಹೇಳ್ಲಿ?”