ಟ್ಯಾಂಕರ್ ದಾರಿಯ ಗುಮ್ಮಟ

ಆಗೆಲ್ಲ ನಮ್ಮೂರಿನಲ್ಲಿ ಬೆಳಗಾಗುತ್ತಿದ್ದುದೇ ಟ್ಯಾಂಕರುಗಳ ಹಾರ್ನಿನಿಂದ. ಬ್ರೂಕ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಿಗೆ ನೀರು ಹೋಗುತ್ತಿದ್ದುದು ನಮ್ಮ ಬೋರ್‌ವೆಲ್ಲುಗಳಿಂದ. ಅವುಗಳಲ್ಲಿ ದೊಡ್ಡದು ನನ್ನ ಚಿಕ್ಕಪ್ಪ ಮುನಿರಾಜನದು. ಅದು ಇದ್ದದ್ದು ನಮ್ಮ ಸರ್ಕಾರಿ ಪ್ರೌಢಶಾಲೆಯ ಬೆನ್ನಿಗೇ. ಊರು ಸುತ್ತಿಕೊಂಡು ಹೋಗಲು ಹೊತ್ತಾಗುತ್ತದೆಂದು ಅವನು ಶಾಲೆಯ ಕಾಂಪೌಂಡನ್ನು ಎರಡು ಕಡೆ ಒಡೆಸಿ, ಆಟದ ಬಯಲಿನ ನಡುವೆಯೇ ದಾರಿ ಮಾಡಿಕೊಂಡಿದ್ದ. ಪಿ.ಟಿ. ಮೇಷ್ಟ್ರು ಒಬ್ಬರೇ ಅದನ್ನು ಕೇಳಲು ಹೋದವರು. ಮಾರನೆಯ ದಿನ ಅವರ ಬೈಕು ಶಾಲೆಯ ನೀರಿನ ತೊಟ್ಟಿಯೊಳಗೆ ಬಿದ್ದಿತ್ತು. ಆಮೇಲೆ ಯಾರೂ ಕೇಳಲಿಲ್ಲ.

ಲಗೋರಿ ಆಡುತ್ತಿದ್ದಾಗ ಹಾರ್ನ್ ಕೇಳಿದರೆ ಕಲ್ಲುಗಳನ್ನು ಅಲ್ಲೇ ಬಿಟ್ಟು ಓಡುತ್ತಿದ್ದೆವು. ಟ್ಯಾಂಕರ್ ಹೋದ ಮೇಲೆ ಡೀಸೆಲ್ ವಾಸನೆ, ತೊಟ್ಟಿಕ್ಕಿದ ನೀರಿನಿಂದ ಎದ್ದ ಕೆಮ್ಮಣ್ಣಿನ ವಾಸನೆ, ಪುಡಿಯಾದ ನಮ್ಮ ಕಲ್ಲುಗಳು. ಆ ಟ್ಯಾಂಕರುಗಳಲ್ಲಿ ಒಂದನ್ನು ಓಡಿಸುತ್ತಿದ್ದವನು ನನ್ನ ಅಪ್ಪ. ತಮ್ಮನ ಗಾಡಿಗೆ ಅಣ್ಣ ಡ್ರೈವರ್. ಆದರೂ ಚಿಕ್ಕಪ್ಪನಿಗೆ ನನ್ನ ಮೇಲೆ ಬಲು ಪ್ರೀತಿ. ತನಗೆ ಗಂಡು ಮಕ್ಕಳಿಬ್ಬರಿದ್ದರೂ ಸಂಜೆ ಮಸಾಲೆಪುರಿ ತಿನ್ನಲು ಬೈಕಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದುದು ಅಣ್ಣನ ಮಗಳಾದ ನನ್ನನ್ನು. ಬೇಸಿಗೆಯಲ್ಲಿ ಬೋರ್‌ವೆಲ್ಲಿನ ದಪ್ಪ ಪೈಪಿನ ಕೆಳಗೆ ನನ್ನನ್ನು ನಿಲ್ಲಿಸಿ ನಗುತ್ತಿದ್ದ.

ಹೊಡೆತ ನಮಗ್ಯಾರಿಗೂ ಹೊಸದಾಗಿರಲಿಲ್ಲ. ಮೇಷ್ಟ್ರು ಹೊಡೆಯುತ್ತಿದ್ದರು, ಮನೆಯಲ್ಲಿ ಹೊಡೆಯುತ್ತಿದ್ದರು, ನಾವು ನಾವೇ ಹೊಡೆದುಕೊಳ್ಳುತ್ತಿದ್ದೆವು. ನೀವೂ ಇಂಥ ಶಾಲೆಯಲ್ಲಿ ಓದಿದ್ದರೆ ಜಾಮಿಟ್ರಿ ಬಾಕ್ಸಿನ ಕೈವಾರ ಯಾವುದಕ್ಕೆಲ್ಲ ಬಳಕೆಯಾಗುತ್ತಿತ್ತೆಂದು ನಿಮಗೆ ಗೊತ್ತಿರುತ್ತದೆ. ನಾನು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ನಮ್ಮಲ್ಲಿ ದೊಡ್ಡ ವೈರಿಗಳೆಂದರೆ ವೆಂಕಟೇಶ ಮತ್ತು ಸಲ್ಮಾನ್. ವೆಂಕಟೇಶ ಹಳೇ ಊರಿನವನು, ಸಲ್ಮಾನ್ ಶೀಟ್ ಮನೆಗಳ ಕಡೆಯವನು. ಒಂದು ದಿನ ವೆಂಕಟೇಶ ಅವನ ಅಂಗೈಗೆ ಕೈವಾರ ಚುಚ್ಚಿ ಡೆಸ್ಕಿಗೆ ಒತ್ತಿಹಿಡಿದಿದ್ದ. ಆಗಲೇ ಗಿರಿಜಾ ಮೇಡಂ ಮೊದಲ ಸಲ ನಮ್ಮ ಕ್ಲಾಸಿಗೆ ಬಂದದ್ದು.

ಅವರು ದಾವಣಗೆರೆ ಕಡೆಯವರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಹತ್ತಿ ಸೀರೆ, ಕಾಲಿಗೆ ಗಂಡಸರ ಶೂ. ಗಂಡ ಯಾವುದೋ ಕಂಪನಿಯಲ್ಲಿದ್ದರು, ಮನೆ ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ. ಮೇಡಂ ಕೈವಾರ ಕಿತ್ತು, ಸಲ್ಮಾನನ ಕೈಗೆ ತಮ್ಮ ಕರ್ಚೀಫು ಸುತ್ತಿದರು. ಬೆತ್ತ ತರಲು ಎದ್ದ ಲೀಡರನ್ನು ಕೂರಿಸಿದರು.

"ಇಷ್ಟು ಸಿಟ್ಟು ಐತಲ್ಲ, ಛಲೋ ಆತು," ಎಂದರು. "ನನಗ ಮಣ್ಣು ಬಡಿಯಾಕ ಮಂದಿ ಬೇಕು. ನಾಳೆಯಿಂದ ಬರ್ರಿ."

ವಿಜ್ಞಾನದ ಸಾಮಾನುಗಳೆಲ್ಲ ಪ್ಲಾಸ್ಟಿಕ್ ಕವರು ಬಿಚ್ಚದೆ ಆಫೀಸಿನ ಟ್ರಂಕಿನಲ್ಲಿದ್ದವು, ಇಡಲು ಕೋಣೆ ಇರಲಿಲ್ಲ. ಆ ಕೋಣೆಯನ್ನು ನಾವೇ ಕಟ್ಟುವುದೆಂದರು ಮೇಡಂ. ಅದೂ ಸಿಮೆಂಟಿನ ಚೌಕ ಕೋಣೆಯಲ್ಲ, ಒತ್ತಿದ ಮಣ್ಣಿಟ್ಟಿಗೆಯ ದುಂಡು ಕೋಣೆ. ಮೇಲೆ ಕಂಬಿ, ಮರ ಏನೂ ಇಲ್ಲದ ಗುಮ್ಮಟ. ಮೇಡಂ ಬೋರ್ಡಿನ ಮೇಲೆ ಅದರ ಚಿತ್ರ ಬರೆದಾಗ ನಾವು ನಕ್ಕೆವು. ಹೆಡ್‌ಮಾಸ್ಟರು ನಗಲಿಲ್ಲ. ಯಾಕೆಂದರೆ ಮೇಡಂ ಜಾಗ ಗುರುತಿಸಿದ್ದು ಟ್ಯಾಂಕರ್ ದಾರಿಯ ನಟ್ಟನಡುವೆ, ಹೊಂಗೆ ಮರದ ಪಕ್ಕ.

"ಬೇರೆ ಕಡೆ ನೋಡಿ ಮೇಡಂ. ಇವ್ರ ಸಹವಾಸ ನಿಮಗೆ ಗೊತ್ತಿಲ್ಲ," ಎಂದರು ಹೆಡ್‌ಮಾಸ್ಟರು.

"ಬೇರೆ ಕಡೆ ಬಂಡೆ ಐತ್ರಿ ಸಾರ್, ಪಾಯ ಇಳಿಯಂಗಿಲ್ಲ. ಇದು ಶಾಲೆ ಜಾಗ ಹೌದಲ್ರೀ?"

ಹೆಡ್‌ಮಾಸ್ಟರು ಆಫೀಸಿನ ಕಡೆ ನಡೆದರು.

ಪಕ್ಕದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಪಾಯದ ಗುಂಡಿಯಿಂದ ಬಂದ ಕೆಮ್ಮಣ್ಣನ್ನು ಜರಡಿ ಹಿಡಿದೆವು, ಹೆಂಟೆಗಳನ್ನು ದಿಮ್ಮಸಿನಿಂದ ಜಜ್ಜಿದೆವು. ಅಂಗೈ ಬೊಬ್ಬೆ ಎದ್ದು ಒಡೆದು, ಮಧ್ಯಾಹ್ನ ಬಿಸಿಯೂಟದ ಸಾಂಬಾರು ಕಲಸುವಾಗ ಉರಿಯಿಂದ ಕಣ್ಣಲ್ಲಿ ನೀರು ಬರುತ್ತಿತ್ತು. ಮೇಡಂ ಎಲ್ಲಿಂದಲೋ ಇಟ್ಟಿಗೆ ಒತ್ತುವ ಯಂತ್ರವೊಂದನ್ನು ಎರವಲು ತಂದಿದ್ದರು. ಅದರ ಉದ್ದನೆಯ ಕಬ್ಬಿಣದ ಹಿಡಿಗೆ ಇಬ್ಬರು ಜೋತುಬಿದ್ದು ಎಳೆಯಬೇಕಿತ್ತು. ನೀರು ಕೊಟ್ಟವನು ಚಿಕ್ಕಪ್ಪನೇ. ನಾನು ಕೇಳಿದ ಕೂಡಲೇ ಪೈಪು ಎಳೆಸಿಕೊಟ್ಟ. "ಆಡ್ಕಳಿ ಬಿಡಮ್ಮಿ," ಎಂದಿದ್ದ. ಮಕ್ಕಳ ಗುಬ್ಬಚ್ಚಿ ಗೂಡು ಎಂದುಕೊಂಡಿರಬೇಕು.

ಆ ಕೆಲಸದಲ್ಲಿ ಮೊದಲ ರಕ್ತ ಹರಿದದ್ದು ಇಟ್ಟಿಗೆ ಯಂತ್ರದಿಂದ. ವೆಂಕಟೇಶ ಅವತ್ತು ಒಬ್ಬನೇ ಹಿಡಿ ಎಳೆಯುತ್ತಿದ್ದ, ಸಲ್ಮಾನ್ ಎದುರಿಗೆ ಬಗ್ಗಿ ಮಣ್ಣು ಬಾಚುತ್ತಿದ್ದ. ಮುಚ್ಚಳದ ಕೊಂಡಿ ಜಾರಿತು. ಹಿಡಿ ಎಗರಿ ಸಲ್ಮಾನನ ದವಡೆಗೆ ಬಡಿದ ಸದ್ದು ತೆಂಗಿನಕಾಯಿ ಒಡೆದ ಹಾಗಿತ್ತು. ಅವನು ಮಣ್ಣಿನ ಗುಡ್ಡೆಯ ಮೇಲೆ ಅಂಗಾತ ಬಿದ್ದ. ಬಾಯಿಂದ ರಕ್ತದ ಜೊತೆ ಹಲ್ಲುಗಳೂ ಬಂದವು. ಶೀಟ್ ಮನೆಗಳ ಹುಡುಗರು ಗುದ್ದಲಿ ಎತ್ತಿಕೊಂಡು ವೆಂಕಟೇಶನ ಮೇಲೆ ಹೋದರು. ಹಳೇ ಊರಿನವರು ಕಲ್ಲು ಹೆಕ್ಕಿದರು. ಒಂದು ಗುದ್ದಲಿ ಆಗಲೇ ವೆಂಕಟೇಶನ ಭುಜ ಸೀಳಿತ್ತು. ಅಷ್ಟರಲ್ಲಿ ಸಲ್ಮಾನ್ ಮೊಣಕೈ ಊರಿ ಎದ್ದು, ರಕ್ತ ಉಗಿದು, ತೊದಲಿದ.

"ಅವ್ನಲ್ಲ ಮಚ್ಚಾ. ಕೊಂಡಿ. ಕೊಂಡಿ ಬಿಟ್ಕೊಂಡಿದ್ದು."

ಗುದ್ದಲಿಗಳು ಕೆಳಗಿಳಿದವು. ವೆಂಕಟೇಶನೇ ಅವನನ್ನು ಬೆನ್ನ ಮೇಲೆ ಹೊತ್ತು ಕ್ಲಿನಿಕ್ಕಿಗೆ ಓಡಿದ, ಅವನ ಭುಜದ ರಕ್ತ ಇವನ ಅಂಗಿಗೆ, ಇವನ ಬಾಯಿಯ ರಕ್ತ ಅವನ ಕುತ್ತಿಗೆಗೆ.

ಸಂಜೆ ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಸಲ್ಮಾನನ ತಾಯಿ ಬಂದಳು. ಮೇಡಂ ಎದ್ದು ನಿಂತು, ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದರು. ಆಕೆ ಎದೆಮಟ್ಟ ಎದ್ದಿದ್ದ ದುಂಡು ಗೋಡೆಯನ್ನು ಒಂದು ಸುತ್ತು ಹಾಕಿ ನೋಡಿದಳು.

"ಇದು ಪೂರಾ ಆಗ್ಬೇಕು ಮೇಡಂ. ಅರ್ಧಕ್ಕೆ ಬಿಟ್ರೆ ನನ್ ಮಗನ ಹಲ್ಲು ವೇಸ್ಟ್ ಆಗ್ತದೆ," ಎಂದು ಹೊರಟುಹೋದಳು.

ಗೋಡೆ ತಲೆಮಟ್ಟಕ್ಕೆ ಬಂದ ಮೇಲೆ ಗುಮ್ಮಟ ಶುರುವಾಯಿತು. ನೆಲದ ನಡುವೆ ಒಂದು ಗೂಟ, ಅದಕ್ಕೆ ಕಟ್ಟಿದ ಹಗ್ಗ. ಹಗ್ಗದ ತುದಿ ಎಲ್ಲಿ ಮುಟ್ಟುತ್ತದೋ ಅಲ್ಲೇ ಇಟ್ಟಿಗೆ. ಸುತ್ತು ಪೂರ್ತಿಯಾಗುವ ತನಕ ಒಂದೊಂದು ಇಟ್ಟಿಗೆಯನ್ನೂ ಒಬ್ಬೊಬ್ಬರು ಕೈಯಲ್ಲಿ ಹಿಡಿದು ನಿಲ್ಲಬೇಕು, ಒಳಬಾಗಿದ್ದರಿಂದ ಬಿಟ್ಟರೆ ತಲೆಯ ಮೇಲೆ. ಕೊನೆಯದನ್ನು ಒತ್ತಿ ಕೂರಿಸಿದ ಮೇಲೆ ಮೇಡಂ ಹೇಳುತ್ತಿದ್ದರು: "ಈಗ ಕೈ ಬಿಡ್ರಿ." ಬಿಡುತ್ತಿದ್ದೆವು. ಬೀಳುತ್ತಿರಲಿಲ್ಲ. ಅಟ್ಟಣಿಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿ, ಬೆವರು ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ ನಿಂತ ಆ ಮಧ್ಯಾಹ್ನಗಳಲ್ಲಿ ನಮ್ಮ ಕ್ಲಾಸಿನಲ್ಲಿ ಯಾರೂ ಯಾರಿಗೂ ಹೊಡೆಯಲಿಲ್ಲ. ಎಲ್ಲರ ಕೈಯೂ ಮೇಲೆ ಸಿಕ್ಕಿಕೊಂಡಿತ್ತು.

ಪಕ್ಕದಲ್ಲಿ ಮರ, ಬಂಡೆ ಇದ್ದುದರಿಂದ ಈ ಹೊತ್ತಿಗೆ ಟ್ಯಾಂಕರುಗಳು ಊರು ಸುತ್ತಿ ಹೋಗಬೇಕಾಗಿ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಬಂದ ಚಿಕ್ಕಪ್ಪ ಮುದ್ದೆ ಮುರಿಯುತ್ತ ನನಗೆ ಹೇಳಿದ.

"ನಿಮ್ ಮೇಡಮ್ಮುಂಗೆ ಯೋಳಮ್ಮಿ. ಆಟ ಸಾಕು, ಅದ್ನ ಕೆಡವ್ಕಳಿ ಅಂತ. ನಾನು ಕೆಡವಿದ್ರೆ ಚೆಂದಾಗಿರಕಿಲ್ಲ."

"ನಾವು ಕಟ್ಟಿರದು ಚಿಕ್ಕಪ್ಪ."

"ಅದ್ಕೇ ಯೋಳ್ತಿರದು."

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಮ್ಮ ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಸದ್ದಾಗುವಂತೆ ಬಿಟ್ಟಳು. ಅವತ್ತಿನಿಂದ ಶಾಲೆಗೆ ಪೈಪಿನ ನೀರು ನಿಂತಿತು. ಹಸಿ ಗುಮ್ಮಟಕ್ಕೆ ದಿನವೂ ನೀರುಣಿಸಬೇಕಿತ್ತು. ಮನೆಯಿಂದ ಬಾಟಲಿಗಳಲ್ಲಿ ಹೊತ್ತು ತಂದೆವು. ಮೇಡಂ ಇದ್ದ ಅಪಾರ್ಟ್‌ಮೆಂಟಿಗೂ ಚಿಕ್ಕಪ್ಪ ಟ್ಯಾಂಕರ್ ಕಳಿಸಲಿಲ್ಲ. ಅಲ್ಲಿನ ಜನ ಮೇಡಂ ಮನೆ ಬಾಗಿಲು ಬಡಿದು ಜಗಳಕ್ಕೆ ನಿಂತರಂತೆ. ಅವರು ನಮಗೆ ಹೇಳಿದ್ದು ಇಷ್ಟೇ: "ಮನ್ಯಾಗ ನೀರಿಲ್ಲ, ಜಳಕ ಆಗಿಲ್ಲ. ಸ್ವಲ್ಪ ದೂರ ನಿಲ್ರಿ."

ಶನಿವಾರ ಗುಮ್ಮಟದ ನೆತ್ತಿ ಮುಚ್ಚಿದೆವು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಟ್ಯಾಂಕರ್ ಬಂತು.

ನೀರು ತುಂಬಿದ ಗಾಡಿ. ಓಡಿಸುತ್ತಿದ್ದವನು ಅಪ್ಪ. ಹಿಂದೆ ಜೀಪಿನಲ್ಲಿ ಚಿಕ್ಕಪ್ಪ, ರಾಡು ಹಿಡಿದ ನಾಲ್ಕಾರು ಹುಡುಗರು. ನಾವು ಗುಮ್ಮಟದ ಬಾಗಿಲಲ್ಲಿ ನಿಂತಿದ್ದೆವು. ಮೇಡಂ ನಮ್ಮನ್ನು ಹಿಂದಕ್ಕೆ ತಳ್ಳುತ್ತಿದ್ದರು, ನಾವು ಹೋಗುತ್ತಿರಲಿಲ್ಲ.

"ರಿವರ್ಸ್ ತಗಳಣ್ಣ," ಎಂದ ಚಿಕ್ಕಪ್ಪ.

ಅಪ್ಪ ಕನ್ನಡಿಯಲ್ಲಿ ನೋಡಿದ. ನನ್ನನ್ನೇ ನೋಡಿದನೆಂದು ಕಾಣುತ್ತದೆ. ಎಂಜಿನ್ ಆಫ್ ಮಾಡಿದ.

"ಮಕ್ಕಳವ್ರೆ ಕಣೋ ಮುನಿ. ನನ್ ಕೈಲಾಗಕಿಲ್ಲ."

ಚಿಕ್ಕಪ್ಪ ಗಾಡಿಯ ಬಾಗಿಲು ತೆಗೆದು, ಅಪ್ಪನ ಅಂಗಿ ಹಿಡಿದು ಕೆಳಕ್ಕೆಳೆದ. ಬಿದ್ದವನ ಪಕ್ಕೆಗೆ ಒದ್ದ. ಅಪ್ಪ ಕೈ ಎತ್ತಲಿಲ್ಲ, ಮುಖ ಮಾತ್ರ ಮುಚ್ಚಿಕೊಂಡ. ಚಿಕ್ಕಪ್ಪ ಮತ್ತೆ ಒದ್ದ. ನಾನು ಓಡಿ ಹೋಗಿ ಚಿಕ್ಕಪ್ಪನ ತೋಳಿಗೆ ಕಚ್ಚಿದೆ, ಬಾಯಿಗೆ ರಕ್ತ ಬರುವ ಹಾಗೆ. ಅವನು ತಿರುಗಿ ಹೊಡೆದ. ಅಂಗೈ ಅಗಲಿಸಿ, ಎಡಗೆನ್ನೆ ಕಿವಿ ಸೇರಿಸಿ, ಇದ್ದ ಬಲವನ್ನೆಲ್ಲ ಬಿಟ್ಟು. ನಾನು ಹೊಂಗೆ ಮರದ ಬುಡಕ್ಕೆ ಹೋಗಿ ಬಿದ್ದೆ. ಕಿವಿಯೊಳಗೆ ಏನೋ ಹರಿದು ಬಿಸಿಯಾಗಿ ಕುತ್ತಿಗೆಗೆ ಇಳಿಯಿತು. ಅಲ್ಲಿಂದ ಮುಂದಿನದೆಲ್ಲ ಒಂದೇ ಕಡೆಯಿಂದ ಕೇಳಿಸಿತು.

ಚಿಕ್ಕಪ್ಪ ತಾನೇ ಗಾಡಿ ಹತ್ತಿದ. ಮೇಡಂ ಕಿರುಚಿ ಎಲ್ಲರನ್ನೂ ಬಾಗಿಲಿಂದ ಎಳೆದರು. ಟ್ಯಾಂಕರಿನ ಹಿಂಭಾಗ ಗೋಡೆಗೆ ನುಗ್ಗಿತು. ಗುಮ್ಮಟದ ಒಂದು ಮಗ್ಗುಲು ಕುಸಿದು ಇಟ್ಟಿಗೆಗಳು ಟ್ಯಾಂಕಿನ ಮೇಲೆ ಗುಡುಗಿದಂತೆ ಬಿದ್ದವು. ಮಿಕ್ಕ ಭಾಗ ನಿಂತೇ ಇತ್ತು. ಗಾಡಿ ಸಿಕ್ಕಿಕೊಂಡು, ಚಕ್ರಗಳು ಟ್ಯಾಂಕಿನಿಂದ ಚೆಲ್ಲಿದ ನೀರಿನ ಕೆಸರಿನಲ್ಲಿ ಸುಮ್ಮನೆ ತಿರುಗಿದವು. ಆಗ ವೆಂಕಟೇಶ ಮೊದಲ ಇಟ್ಟಿಗೆ ಬೀಸಿದ, ಸಲ್ಮಾನ್ ಎರಡನೆಯದು. ಆಮೇಲೆ ಇಡೀ ಕ್ಲಾಸು. ರಾಡಿನ ಹುಡುಗರು ನಮ್ಮ ಮೇಲೆ ಬಿದ್ದರು. ಒಬ್ಬ ಸಲ್ಮಾನನ ತಲೆಗೆ ರಾಡು ಬೀಸಿದಾಗ ಮೇಡಂ ತೋಳು ಅಡ್ಡ ಕೊಟ್ಟರು. ಮೂಳೆ ಮುರಿದದ್ದು ನಮಗೆಲ್ಲ ಕಂಡಿತು, ತೋಳು ಇರಬಾರದ ಕಡೆ ಬಾಗಿತ್ತು. ನಮ್ಮವನೊಬ್ಬನ ಹುಬ್ಬು ಒಡೆಯಿತು, ಇಟ್ಟಿಗೆ ತಾಗಿದ ಅವರವನೊಬ್ಬ ಮುಖ ಹಿಡಿದುಕೊಂಡು ಕೂತುಬಿಟ್ಟ.

ನಮ್ಮ ಮನೆ ಶಾಲೆಯ ಬೀದಿಯಲ್ಲೇ. ಗಲಾಟೆ ಕೇಳಿ ಅಮ್ಮ ಬಂದಳು, ಬಟ್ಟೆ ಒಗೆಯುತ್ತಿದ್ದ ಸೋಪಿನ ನೊರೆ ಮೊಣಕೈತನಕ ಇತ್ತು. ನೆಲದ ಮೇಲಿದ್ದ ಅಪ್ಪನನ್ನು ನೋಡಿದಳು, ನನ್ನ ಕುತ್ತಿಗೆ ನೋಡಿದಳು. ನಾವು ಮಣ್ಣು ಜಜ್ಜುತ್ತಿದ್ದ ಕಬ್ಬಿಣದ ದಿಮ್ಮಸು ಎತ್ತಿಕೊಂಡು ಹೋಗಿ ಟ್ಯಾಂಕರಿನ ಮುಂದಿನ ಗಾಜಿಗೆ ಬಡಿದಳು. ಎರಡನೇ ಏಟಿಗೆ ಗಾಜು ಚಿಕ್ಕಪ್ಪನ ಮುಖದ ಮೇಲೆ ಸುರಿಯಿತು.

"ಇಳಿ ಕೆಳ್ಗೆ," ಎಂದಳು. "ಇಳೀದಿದ್ರೆ ಮುಂದ್ಲೇಟು ನಿನ್ ತಲೆಗೆ."

ಹಣೆಯಿಂದ ರಕ್ತ ಸುರಿಸಿಕೊಂಡು ಅವನು ಇಳಿದ. ಅತ್ತಿಗೆಯ ಮುಖ ನೋಡಲಿಲ್ಲ.

ಠಾಣೆಯಲ್ಲಿ ರಾಜಿಯಾಯಿತು. ಮೇಡಂ ತೋಳು, ನನ್ನ ಕಿವಿ ಒಂದು ಕಡೆ, ಅವನ ಗಾಜು, ಅವನ ಹಣೆ ಇನ್ನೊಂದು ಕಡೆ ಇಟ್ಟು ಪೊಲೀಸರು ಸರಿಗೆ ಸರಿ ಎಂದರು. ಆದರೆ ಊರವರೆಲ್ಲ ನೋಡಿಬಿಟ್ಟಿದ್ದರು, ಟ್ಯಾಂಕರ್ ಮತ್ತೆ ಆ ದಾರಿಗೆ ಬರಲಿಲ್ಲ. ಅಪ್ಪ ವೈಟ್‌ಫೀಲ್ಡಿನ ಗೋಡೌನೊಂದರಲ್ಲಿ ಲಾರಿ ಓಡಿಸಲು ಸೇರಿದ. ನಾವು ಕುಸಿದ ಮಗ್ಗುಲನ್ನು ಮತ್ತೆ ಎಬ್ಬಿಸಿದೆವು. ಮೇಡಂ ಪ್ಲಾಸ್ಟರ್ ಹಾಕಿದ ತೋಳಿನೊಂದಿಗೆ ಕುರ್ಚಿಯಲ್ಲಿ ಕೂತು ಕೂಗುತ್ತಿದ್ದರು, ನನಗೆ ಕೇಳದಿದ್ದಾಗ ಸಲ್ಮಾನ್ ನನ್ನ ಜಡೆ ಎಳೆದು ಹೇಳುತ್ತಿದ್ದ. ಮೊದಲ ಬಾರಿಗಿಂತ ಚೆನ್ನಾಗಿ ಕಟ್ಟಿದೆವು. ಆ ಕೋಣೆಯಲ್ಲಿ ನಾನು ಮೊದಲ ಸಲ ಸೂಕ್ಷ್ಮದರ್ಶಕದ ಕೆಳಗೆ ಈರುಳ್ಳಿ ಸಿಪ್ಪೆ ನೋಡಿದೆ.

ಮೇಡಂ ವರ್ಗವಾಗಿ ಹೋದರು. ಮಕ್ಕಳು ಕಡಿಮೆಯಾಗಿ ಶಾಲೆಯನ್ನೇ ಇನ್ನೊಂದು ಶಾಲೆಗೆ ಸೇರಿಸಿದರು. ಕಳೆದ ವರ್ಷ ರಸ್ತೆ ಅಗಲ ಮಾಡುವಾಗ ಗುಮ್ಮಟ ಕೆಡವುತ್ತಾರೆಂದು ತಿಳಿದು ರಜೆ ಹಾಕಿ ಹೋದೆ. ಜೆಸಿಬಿಯವನು ನೆತ್ತಿಯ ಮೇಲೆ ಕುಟ್ಟಿ ಕುಟ್ಟಿ ಬೇಸತ್ತು, ಇಳಿದು ಬೀಡಿ ಸೇದಿದ. ಸಲ್ಮಾನ್ ಈಗ ಬೊಮ್ಮನಹಳ್ಳಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಅವನೂ ಬಂದಿದ್ದ. ವೆಂಕಟೇಶ ಬರುವ ಹಾಗಿರಲಿಲ್ಲ. ಜಮೀನು ದಂಧೆಯ ರೌಡಿ ಹುಡುಗರ ಜೊತೆ ಸೇರಿ, ಒಂದು ಬಾರಿನ ಮುಂದೆ ಮಚ್ಚಿನೇಟಿಗೆ ಸತ್ತು ಆಗಲೇ ಎರಡು ವರ್ಷವಾಗಿತ್ತು. ಹೊಡೆಯುವುದು ಬಿಟ್ಟು ಅವನ ಕೈ ಬೇರೆ ಕೆಲಸ ಮಾಡಿದ್ದನ್ನು ನೋಡಿದವರು ನಾವು ಕೆಲವರೇ. ಇಟ್ಟಿಗೆಗಳ ಜೊತೆ ಆ ಸಾಕ್ಷಿಯೂ ಲಾರಿಗೆ ತುಂಬಿ ಹೋಯಿತು.

ಬೋರ್‌ವೆಲ್ ಬತ್ತಿದೆ. ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ, ಒಂದು ಪಾದ ತೆಗೆದಿದ್ದಾರೆ. ನೆಂಟರ ಮದುವೆಯೊಂದರಲ್ಲಿ ಊಟದ ಸಾಲಿನಲ್ಲಿ ಅವನನ್ನು ತಂದು ನನ್ನ ಎಡಗಡೆ, ಕೇಳದ ಕಿವಿಯ ಪಕ್ಕ, ಕೂರಿಸಿದರು. ಬಾಳೆ ಎಲೆಯ ಮೇಲೆ ಕೈಯಾಡಿಸುತ್ತ ಅವನು ಬಹಳ ಹೊತ್ತು ಏನೋ ಹೇಳಿದ. ತುಟಿ ಅಲುಗುತ್ತಿದ್ದುದು ಕಣ್ಣಂಚಿನಲ್ಲಿ ಕಾಣುತ್ತಿತ್ತು. ಕೇಳಬೇಕಾದರೆ ನಾನು ತಲೆ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಅವನು ಹೇಳುತ್ತಲೇ ಇದ್ದ, ನಾನು ಊಟ ಮಾಡುತ್ತಲೇ ಇದ್ದೆ.